ಟ್ರಾಕ್ಟರಿನ ಹೊಟ್ಟೆಗೆ ಕವಚ ತೊಡಿಸಿದ ಮೇಷ್ಟ್ರು

ಮೊನ್ನೆ ಭಾನುವಾರ ಮೇಷ್ಟ್ರ ಫೋನು ಬಂತು. ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲ ಮಾತೇ, "ಮೇಡಂ, ಮೈದಾನಕ್ಕೆ ಟ್ರಾಕ್ಟರ್ ಇಳ್ಸಿದ್ರಂತೆ. ಅದರ ಹೊಟ್ಟೆ ಬಿಚ್ಚಿ ನೋಡುದ್ರಾ?" ಎಂದರು.

"ನೋಡಿದೆ ಮೇಷ್ಟ್ರೇ, ಕಸ ಎಲ್ಲ ಕೊಡವಿಸಿದೆ."

"ಬರೀ ಕಣ್ಣಲ್ಲಿ ನೋಡುದ್ರೋ, ಕೈ ಹಾಕಿ ನೋಡುದ್ರೋ?"

ತುಮಕೂರಿನ ಮಗಳ ಮನೆಯಲ್ಲಿ ಮೊಮ್ಮಗಳನ್ನು ಆಡಿಸಿಕೊಂಡು ಹಾಯಾಗಿರಬೇಕಾದ ಮನುಷ್ಯ. ಮೈಸೂರಿನ ಒಂದು ಶಾಲೆಯ ಮೈದಾನದಲ್ಲಿ ವರ್ಷಕ್ಕೊಮ್ಮೆ ಓಡಾಡುವ ಟ್ರಾಕ್ಟರಿನ ಹೊಟ್ಟೆಯ ಚಿಂತೆ ಅವರಿಗೆ ಇನ್ನೂ ಬಿಟ್ಟಿಲ್ಲ. ನನಗೆ ನಗು ಬಂತು. ಫೋನಿಟ್ಟ ಮೇಲೆ ಬಹಳ ಹೊತ್ತು ಅವರನ್ನೇ ನೆನೆದುಕೊಂಡು ಕೂತೆ.

ಅವರು ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರಾಗಿದ್ದವರು. ನಾನು ಅಲ್ಲಿ ಕನ್ನಡ ಪಾಠ ಮಾಡುವವಳು. ಕುವೆಂಪುನಗರದ ಆ ಶಾಲೆಯಲ್ಲಿ ನಾವಿಬ್ಬರೂ ವರ್ಷಗಟ್ಟಲೆ ಒಂದೇ ಸ್ಟಾಫ್ ರೂಮಿನ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತಿದ್ದೇವೆ, ಬೇಕಾದಷ್ಟು ಜಗಳವನ್ನೂ ಆಡಿದ್ದೇವೆ. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ, "ನನ್ನ ಹೆಸ್ರಿಗೊಂದು ಕವರ್ ಹಾಕ್ದೆ ಅಂಗೇ ಬಿಟ್ಬುಟ್ರಲ್ಲ ಮೇಡಂ" ಎಂದು ತಕರಾರು ತೆಗೆಯುವುದು ಖಂಡಿತ.

ಏಕೆಂದರೆ ಮೇಷ್ಟ್ರಿಗೆ ಯಾವ ವಸ್ತುವನ್ನೂ ಬರಿಮೈಯಲ್ಲಿ ಬಿಟ್ಟು ಅಭ್ಯಾಸವಿರಲಿಲ್ಲ. ಅವರ ಸ್ಕೂಟರಿನ ಸೀಟಿಗೊಂದು ಕವರು. ಆ ಕವರು ಮಳೆಗೆ ನೆನೆಯಬಾರದೆಂದು ಅದರ ಮೇಲೆ ಇನ್ನೊಂದು. ಕೈಗಡಿಯಾರದ ಗಾಜಿಗೆ ಅಂಗಡಿಯವರು ಅಂಟಿಸಿದ್ದ ತೆಳು ಹಾಳೆ ಹಳದಿಯಾಗಿ, ಗಂಟೆ ನೋಡಬೇಕಾದರೆ ಬಿಸಿಲಿಗೆ ಹಿಡಿದು ಓರೆ ಮಾಡಬೇಕಿತ್ತು. ಆದರೂ ಹಾಳೆ ಕೀಳುವಂತಿಲ್ಲ. ಅವರ ಮನೆಯ ಸೋಫಾ ಅಂಗಡಿಯಿಂದ ಬಂದಾಗ ಹೊದ್ದಿದ್ದ ಪ್ಲಾಸ್ಟಿಕ್ಕನ್ನೇ ಹೊದ್ದುಕೊಂಡಿತ್ತು. ಬೇಸಿಗೆಯಲ್ಲಿ ಹೋಗಿ ಕೂತರೆ ಏಳುವಾಗ ಸೀರೆಯ ಜೊತೆ ಸೋಫಾವೂ ಎದ್ದು ಬಂದಂತಾಗುತ್ತಿತ್ತು. ಅವರ ಹೆಂಡತಿ ಹಳೆಯ ಲೋಟದಲ್ಲಿ ಕಾಫಿ ತಂದುಕೊಟ್ಟು, "ಹೊಸ ಕಪ್ಪು ಸಾಸರ್ರು ಬೀರುನಲ್ಲೈತೆ ಕಣಮ್ಮ. ಯಾರಾದ್ರೂ ಬಂದಾಗ ತೆಗೀಬೇಕಂತೆ" ಎನ್ನುತ್ತಿದ್ದರು. "ಹಾಗಾದರೆ ನಾನು ಯಾರು ಮೇಷ್ಟ್ರೇ?" ಎಂದು ಕೇಳಿದರೆ ಮೇಷ್ಟ್ರು ನಾಚಿಕೊಂಡು ಪೇಪರು ಓದುವವರಂತೆ ಮುಖ ಮರೆಮಾಡಿಕೊಳ್ಳುತ್ತಿದ್ದರು.

ಮನೆಯ ವಿಷಯ ಹಾಳಾಗಲಿ, ನನಗೆ ನಿಜವಾಗಿ ಸಿಟ್ಟು ಬರುತ್ತಿದ್ದದ್ದು ಅವರ ಆಟದ ಸಾಮಾನಿನ ಕೋಣೆ ನೋಡಿದಾಗ. ಅಲ್ಲಿ ಮೇಲಿನ ಹಲಗೆಯ ಮೇಲೆ ಹೊಚ್ಚಹೊಸ ಫುಟ್ಬಾಲುಗಳು ಕವರಿನಲ್ಲೇ ಸಾಲಾಗಿ ಕೂತಿರುತ್ತಿದ್ದವು. ಮಕ್ಕಳು ಆಡುತ್ತಿದ್ದದ್ದು ತೊಗಟೆ ಎದ್ದು, ಒಂದು ಪಕ್ಕ ಊದಿಕೊಂಡು, ಎಲ್ಲಿಗೆ ಒದ್ದರೂ ಬಲಕ್ಕೇ ಹೋಗುವ ಒಂದು ಹಳೆಯ ಚೆಂಡಿನಲ್ಲಿ. "ಹೊಸದು ಯಾವಾಗ ಕೊಡ್ತೀರಿ?" ಎಂದರೆ, "ಬೇರೆ ಸ್ಕೂಲಿನೋರು ಆಡಕ್ಕೆ ಬಂದಾಗ" ಎನ್ನುವುದು. ಬೇರೆ ಶಾಲೆಯವರು ಬರಲೇ ಇಲ್ಲ. ಚೆಂಡುಗಳು ಕವರಿನಲ್ಲೇ ಗಾಳಿ ಕಳೆದುಕೊಂಡು ಸೊರಗುತ್ತಿದ್ದವು, ಇವರು ತಿಂಗಳಿಗೊಮ್ಮೆ ಕವರು ತೆಗೆದು ಗಾಳಿ ತುಂಬಿ ಮತ್ತೆ ಕವರು ಹಾಕುತ್ತಿದ್ದರು.

ಒಮ್ಮೆ ತಡೆಯಲಾರದೆ ಜೋರಾಗಿಯೇ ಅಂದುಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ತಿ. ನರಸೀಪುರದ ಕಡೆಯ ಒಂದು ಹಳ್ಳಿಯ ಬೇಸಾಯದ ಮನೆಯಿಂದ ಬಂದವರು ಅವರು. "ನಮ್ಮನೇಲಿ ಯಾವ್ದೂ ಎರಡನೇ ಸಲ ಬರ್ತಿರ್ಲಿಲ್ಲ ಮೇಡಂ. ಒಂದು ಸಲ ಬಂದದ್ದು ಸಾಯೋಗಂಟ ಬಾಳ್ಬೇಕು" ಎಂದರು. ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಇಳಿಸಿದ್ದು ಅವರ ಇನ್ನೊಂದು ಬಗೆಯ ಕವರುಗಳು. ಗೋಲು ಕಂಬಗಳ ಬುಡಕ್ಕೆ ಮಕ್ಕಳ ತಲೆ ಬಡಿಯದಿರಲೆಂದು ಅವರು ಹಳೆಯ ಗೋಣಿಚೀಲ ಸುತ್ತಿದ್ದರು. ಓಟದ ಹಾದಿಯ ಪಕ್ಕದ ಹೊಂಗೆ ಮರಕ್ಕೂ ಎದೆಮಟ್ಟದವರೆಗೆ ಚಿಂದಿಬಟ್ಟೆಯ ದಪ್ಪ ಪಟ್ಟಿ. ಯಾವ ಮಗುವಿನ ಮೊಣಕಾಲು ತರಚಿದರೂ ಮೇಷ್ಟ್ರ ಜೇಬಿನಿಂದ ಮೊದಲು ಬರುತ್ತಿದ್ದದ್ದು ಹತ್ತಿ.

ಆಮೇಲೆ ಕೊರೊನಾ ಬಂತು. ಶಾಲೆ ಮುಚ್ಚಿತು. ಮತ್ತೆ ಬಾಗಿಲು ತೆರೆಯುವ ಹೊತ್ತಿಗೆ ಶಾಲೆಯ ಹಿಂದಿನ ಮೈದಾನವನ್ನು ಲಾಂಟಾನ, ಸೀಮೆಜಾಲಿ, ಪಾರ್ಥೇನಿಯಂ ಎಲ್ಲ ಸೇರಿ ಹಂಚಿಕೊಂಡಿದ್ದವು. ಗೇಟಿನ ಬಳಿ ಒಂದು ನಾಗರಹಾವು ಕಂಡದ್ದೇ ನೆಪವಾಗಿ ಮುಖ್ಯೋಪಾಧ್ಯಾಯರು ಗೇಟಿಗೆ ಬೀಗ ಹಾಕಿಸಿದರು. ಮಕ್ಕಳ ಪಿ.ಟಿ. ಕಾರಿಡಾರಿಗೆ ಬಂತು. ಸಾಲಾಗಿ ನಿಂತು ನಿಂತಲ್ಲೇ ಓಡುವುದು. ಮೇಷ್ಟ್ರು ಸೀಟಿ ಊದುತ್ತಾರೆ, ಮಕ್ಕಳು ಧಡಧಡ ಕಾಲು ಬಡಿಯುತ್ತಾರೆ, ಯಾರೂ ಎಲ್ಲಿಗೂ ಹೋಗುವುದಿಲ್ಲ. ಹಾಗೆಯೇ ವರ್ಷಗಳು ಕಳೆದವು. ನೇರವಾಗಿ ಓಡಿ ಗೊತ್ತೇ ಇಲ್ಲದ ಮಕ್ಕಳು ಹೈಸ್ಕೂಲಿಗೆ ಬಂದುಬಿಟ್ಟಿದ್ದರು. ಪಕ್ಕದ ತರಗತಿಯಲ್ಲಿ ಪಾಠ ಮಾಡುತ್ತ ಆ ಕಾಲಿನ ಸದ್ದು ಕೇಳಿದರೆ ನಾನು ಹೋಗಿ ಬಾಗಿಲು ಮುಚ್ಚಿಬಿಡುತ್ತಿದ್ದೆ.

ಮೇಷ್ಟ್ರು ನಿವೃತ್ತರಾಗುವ ವರ್ಷ ಅದು. ದಸರಾ ರಜೆಗೆ ಮುಂಚೆ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಸಭೆ ಕರೆದರು. ಮೈದಾನಕ್ಕೆ ಅಂಟಿಕೊಂಡಂತೆ ಒಂದು ಕಲ್ಯಾಣಮಂಟಪವಿದೆ. ಅದರ ಮಾಲೀಕರು ಕಾರು ನಿಲ್ಲಿಸಲು ಆ ಜಾಗ ಕೇಳುತ್ತಿದ್ದಾರೆ ಎಂದರು. "ಪಾಳು ಬಿದ್ದ ಜಾಗವನ್ನು ಇಟ್ಟುಕೊಂಡು ನಾವೇನು ಮಾಡುವುದು? ದೀಪಾವಳಿಯೊಳಗೆ ಅದು ಮೈದಾನದ ಹಾಗೆ ಕಂಡರೆ ಸರಿ. ಇಲ್ಲದಿದ್ದರೆ ಕೊಟ್ಟುಬಿಡೋಣ" ಎಂದು ಮಾತು ಮುಗಿಸಿದರು. ಸಭೆಯಲ್ಲಿ ಎಂದೂ ಬಾಯಿ ಬಿಡದ ಮೇಷ್ಟ್ರು ಎದ್ದು ನಿಂತು, "ಕಾಣ್ತದೆ ಸಾರ್" ಎಂದು ಕೂತರು. ಹೊರಗೆ ಬಂದ ಮೇಲೆ "ಎಂಗೆ ಮೇಡಂ?" ಎಂದು ನನ್ನನ್ನೇ ಕೇಳಿದರು.

ಜೆಸಿಬಿ ತರಿಸಿದರೆ ಬುಡಸಮೇತ ಕಿತ್ತು ಮೈದಾನದ ತುಂಬ ಗುಂಡಿ ಮಾಡಿಬಿಡುತ್ತದೆ, ಅದನ್ನು ಮತ್ತೆ ಮಟ್ಟ ಮಾಡುವಷ್ಟರಲ್ಲಿ ದೀಪಾವಳಿಯಲ್ಲ, ಯುಗಾದಿಯೇ ಬಂದೀತು. ಹಾವಿನ ಹೆಸರು ಕೇಳಿ ಕೂಲಿಯವರೂ ಒಪ್ಪಲಿಲ್ಲ. ಕೊನೆಗೆ ಮೇಷ್ಟ್ರ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಊರಾಚೆ ಗಿಡಗಳ ನರ್ಸರಿ ಇಟ್ಟುಕೊಂಡವನು, ರಜೆ ಮುಗಿಯುವ ತನಕ ತನ್ನ ಮಿನಿ ಟ್ರಾಕ್ಟರು ಕೊಡಲು ಒಪ್ಪಿದ. ಅದರ ಹಿಂದೆ ಪೊದೆ ಕೊಚ್ಚುವ ಬ್ಲೇಡಿನ ಪೆಟ್ಟಿಗೆ ಸಿಕ್ಕಿಸಿ ತಂದು ನಿಲ್ಲಿಸಿದ. ಹಳ್ಳಿಯಲ್ಲಿ ಟ್ರಾಕ್ಟರು ಓಡಿಸಿ ಬೆಳೆದ ಮೇಷ್ಟ್ರು, ಟವೆಲಿಗೆ ಟವೆಲು ಸುತ್ತಿ ಸೀಟಿನ ಮೇಲೆ ಹಾಸಿ, ಹತ್ತಿ ಕೂತರು.

ತೊಂದರೆ ಮೊದಲ ದಿನವೇ ಗೊತ್ತಾಯಿತು. ಬ್ಲೇಡು ಇರುವುದು ಹಿಂದೆ. ಅಂದರೆ ಪೊದೆ ಕತ್ತರಿಸುವ ಮೊದಲು ಟ್ರಾಕ್ಟರು ಅದರ ಮೇಲೆಯೇ ಹತ್ತಿ ಹೋಗಬೇಕು. ಮುಂದಿನ ಗಾಲಿಗೆ ಬಗ್ಗಿದ ಸೀಮೆಜಾಲಿ ಹೊಟ್ಟೆಯ ಕೆಳಗೆ ಬಂದಕೂಡಲೇ ಸೆಟೆದು ನಿಂತು, ಅಲ್ಲಿರುವುದನ್ನೆಲ್ಲ ಗೀರುತ್ತದೆ, ಎಳೆಯುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಕೊಂಬೆ ಡೀಸೆಲ್ ಕೊಳವೆಯನ್ನು ಕಿತ್ತು ಹಾಕಿತು. ಮುಂದೆ ಒಂದು ಮೊಂಡು ಬುಡ ಆಯಿಲ್ ಚೇಂಬರಿಗೆ ಗುದ್ದಿತು. ಮೇಷ್ಟ್ರ ಮುಖ ನೋಡಲಾಗಲಿಲ್ಲ. ಸ್ವಂತ ಸ್ಕೂಟರಿನ ಸೀಟಿಗೇ ಎರಡು ಕವರು ಹಾಕುವವರು, ಇನ್ನು ಪರರ ಟ್ರಾಕ್ಟರು! ನರ್ಸರಿಯವನು ಬಂದು ಕೊಳವೆ ಸರಿಮಾಡಿ, "ದಟ್ಟವಾಗಿರೋ ಕಡೆ ರಿವರ್ಸಲ್ಲಿ ನುಗ್ಗಿಸಿ ಸಾರ್. ಆಗ ಬ್ಲೇಡೇ ಮೊದಲು ಹೋಗ್ತದೆ" ಎಂದ. ಮೇಷ್ಟ್ರು ಇಡೀ ದಿನ ಹಿಂದಕ್ಕೆ ತಿರುಗಿಕೊಂಡೇ ಓಡಿಸಿ, ಮಾರನೆಯ ದಿನ ಕತ್ತು ಒಂದೇ ಕಡೆ ಹಿಡಿದುಕೊಂಡು ಬಂದರು. ನಾನು ಅವರ ಬಲಗಡೆ ನಿಂತರೆ ಪೂರ್ತಿ ತಿರುಗಿ ಮಾತಾಡಬೇಕಾಗಿತ್ತು.

"ಇಂಗಾದ್ರೆ ಆಗಲ್ಲ ಮೇಡಂ. ಇದಕ್ಕೊಂದು ಕವರ್ ಹಾಕ್ಲೇಬೇಕು" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ. ಸಂಜೆ ನನ್ನನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮಂಡಿ ಮೊಹಲ್ಲಾದ ಒಂದು ವೆಲ್ಡಿಂಗ್ ಅಂಗಡಿಗೆ ಹೋದರು. ಹೊಟ್ಟೆಯ ಅಳತೆಯನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡಿದ್ದರು. ಅಂಗಡಿಯ ಸಾಬರು ದಪ್ಪ ತಗಡು ಎತ್ತಿ ತೋರಿಸಿ, "ಇದು ಹಾಕಿದ್ರೆ ಬಂಡೆ ಮೇಲೆ ಹೋದ್ರೂ ಏನಾಗಲ್ಲ ಮೇಷ್ಟ್ರೇ" ಎಂದು ಹುರಿದುಂಬಿಸಿದರು. ಮೇಷ್ಟ್ರು ಮುಂದೆ ಹಿಂದೆ ಎಡ ಬಲ ಎಲ್ಲೂ ಸಂದಿಲ್ಲದ ಹಾಗೆ, ಡಬ್ಬಿಯಂತೆ ಮಾಡಿಸಿ, ಸುತ್ತಲೂ ಬೋಲ್ಟು ಬಿಗಿಸಿದರು. ಕಡ್ಡಿ ತೂರುವ ಜಾಗ ಬಿಡಲಿಲ್ಲ. ಮುಗಿಸಿದ ಮೇಲೆ ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿ, ಅದರ ಸದ್ದು ಕೇಳಿ ಹಿಗ್ಗಿದರು. ಅವರನ್ನು ಅಷ್ಟು ನೆಮ್ಮದಿಯಾಗಿ ಕಂಡದ್ದು ಅದೇ ಮೊದಲು.

ಅಷ್ಟರಲ್ಲಿ ಆಯುಧಪೂಜೆ ಬಂತು. ಮೈಸೂರಿನಲ್ಲಿ ಆವತ್ತು ಕತ್ತರಿಯಿಂದ ಹಿಡಿದು ಬಸ್ಸಿನ ತನಕ ಯಾವುದಕ್ಕೂ ಹೂವಿಲ್ಲದೆ ಇರುವುದಿಲ್ಲ. ಟ್ರಾಕ್ಟರಿಗೂ ಸ್ನಾನವಾಯಿತು, ಬಾಳೆಕಂದು ಕಟ್ಟಿದ್ದಾಯಿತು, ಗಾಲಿಗೆ ನಿಂಬೆಹಣ್ಣು ಇಟ್ಟಿದ್ದಾಯಿತು. ಮಂಗಳಾರತಿಯಾದ ಮೇಲೆ ಮೇಷ್ಟ್ರು ಗೋಣಿಚೀಲ ಹಾಸಿಕೊಂಡು ಟ್ರಾಕ್ಟರಿನ ಅಡಿಗೆ ನುಸುಳಿದರು.

"ಅಲ್ಲೇನು ಮಾಡ್ತೀರಿ?"

"ಕಾಯೋನು ಇವ್ನು ತಾನೇ ಮೇಡಂ? ಇವ್ನಿಗೇ ಪೂಜೆ ಇಲ್ದಿದ್ರೆ ಎಂಗೆ?"

ತಗಡಿನ ಹೊರಮೈಗೆ ಅರಿಶಿನ ಕುಂಕುಮ ಬಳಿದರು. ಅಷ್ಟಕ್ಕೇ ಬಿಡದೆ, ಬೋಲ್ಟು ಸಡಿಲಿಸಿ, ಒಳಗಿನ ಮೈಗೂ ಮಾರುದ್ದದ ಚೆಂಡುಹೂವಿನ ಸರ ಸುತ್ತಿ, ಮಾವಿನೆಲೆ ಸಿಕ್ಕಿಸಿ, ಮತ್ತೆ ಬಿಗಿದರು. ಮಾರನೆಯ ದಿನ ವಿಜಯದಶಮಿ, ಜಂಬೂಸವಾರಿಯ ಗಲಾಟೆ. ಅದರ ಮಾರನೆಯ ದಿನ ಕೆಲಸಕ್ಕೆ ಇಳಿಯುವಾಗ ನಾನು, "ಆ ಹೂವು ತೆಗೆದುಬಿಡಿ" ಎಂದೆ. ಪೂಜೆಗೆ ಕಟ್ಟಿದ ಹೂವನ್ನು ಕೈಯಾರೆ ಕಿತ್ತುಹಾಕುವುದುಂಟೇ ಎಂಬಂತೆ ನೋಡಿದರು. ನಮ್ಮೂರಿನ ಆಟೋಗಳು ಒಣಗಿ ತರಗಾದ ಬಾಳೆಕಂದು ಕಟ್ಟಿಕೊಂಡು ದೀಪಾವಳಿಯವರೆಗೂ ಓಡಾಡುತ್ತವೆ, ಅದೇ ಲೆಕ್ಕ. "ಅದಾಗೇ ಉದ್ರೋಗ್ಲಿ ಬುಡಿ" ಎಂದರು. ಡಬ್ಬಿಯೊಳಗಿನ ಹೂವು ಎಲ್ಲಿಗೆ ಉದುರಬೇಕು? ಅದನ್ನು ನಾನೂ ಯೋಚಿಸಲಿಲ್ಲ.

ಕವಚ ಕೆಲಸ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ಟ್ರಾಕ್ಟರು ಸೀಮೆಜಾಲಿಯ ಮೇಲೆ ಗರಗರ ಎಂದು ಏರಿ ಇಳಿದು ಹೋಗುತ್ತಿತ್ತು. ಒಂದು ಕೊಳವೆಯೂ ಅಲುಗಲಿಲ್ಲ. ಆದರೆ ಕೊಚ್ಚಿದ ಹುಲ್ಲು, ಎಲೆ, ಹೊಟ್ಟು ಹಾರಿ ಬಂದು, ತಗಡಿಲ್ಲದ ಮೇಲ್ಗಡೆಯಿಂದ ಸದ್ದಿಲ್ಲದೆ ಎಂಜಿನ್ನಿನ ಪಕ್ಕದಿಂದ ಇಳಿದು ಡಬ್ಬಿಯನ್ನು ತುಂಬುತ್ತಿತ್ತು. ಒಳಗೆ ಒಣ ಚೆಂಡುಹೂವು ಬೇರೆ. ಆ ಟ್ರಾಕ್ಟರಿನ ಹೊಗೆ ಕೊಳವೆ ಹೋಗುವುದೂ ಹೊಟ್ಟೆಯ ಕೆಳಗಿನಿಂದಲೇ. ಬಿಸಿಲೇರಿ, ಕೊಚ್ಚಿದ್ದೆಲ್ಲ ಒಣಗಿ ಗರಿಗರಿಯಾದ ಒಂದು ಮಧ್ಯಾಹ್ನ ನಾನು ಹೊಂಗೆಯ ನೆರಳಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಎಲ್ಲೋ ಧೂಪ ಹಾಕಿದ ವಾಸನೆ ಬಂತು. ಕಲ್ಯಾಣಮಂಟಪದಲ್ಲಿ ನಾಮಕರಣವಿತ್ತು, ಅಲ್ಲಿನದೇ ಇರಬೇಕೆಂದುಕೊಂಡೆ. ತಲೆ ಎತ್ತಿದರೆ ಮೇಷ್ಟ್ರು ಕೂತ ಟ್ರಾಕ್ಟರಿನ ಅಡಿಯಿಂದ ಬಿಳಿ ಹೊಗೆ ಸುರುಳಿ ಸುರುಳಿಯಾಗಿ ಬರುತ್ತಿದೆ. ಅವರಿಗೆ ಗೊತ್ತೇ ಇಲ್ಲ. ಕತ್ತು ಇನ್ನೂ ಹಿಡಿದೇ ಇದೆ, ಕೆಳಗೆ ನೋಡುವಂತಿಲ್ಲ.

"ಮೇಷ್ಟ್ರೇ, ಇಳೀರಿ! ಬೆಂಕಿ!" ಎಂದು ಕಿರುಚಿಕೊಂಡು ಓಡಿದೆ.

ಅವರು ಎಂಜಿನ್ ನಿಲ್ಲಿಸಿ ಹಾರಿದರು. ಹಾರಿದವರು ದೂರ ಓಡಬೇಕೋ ಬೇಡವೋ? ಸ್ಪ್ಯಾನರು ಹಿಡಿದು ಮತ್ತೆ ಅಡಿಗೇ ನುಗ್ಗಿದರು. ಬೋಲ್ಟು ಕಾದು ಬಿಗಿದುಕೊಂಡಿತ್ತು, ಬಿಚ್ಚಲಿಲ್ಲ. "ಪರರ ಗಾಡಿ ಮೇಡಂ, ಪರರ ಗಾಡಿ" ಎಂದು ಅಳುವ ದನಿಯಲ್ಲಿ ಹೇಳುತ್ತಲೇ ಇದ್ದರು. ನಾನು ಅವರ ಕಾಲು ಹಿಡಿದು ಹೊರಗೆ ಎಳೆಯುತ್ತಿದ್ದೆ. ಗಾಡಿ ಹೋದರೆ ಮೈದಾನವೂ ಹೋಯಿತು, ಅದು ನನಗೂ ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ಡೀಸೆಲ್ಲಿನ ಟ್ಯಾಂಕು ಮತ್ತು ಅವರ ಹಠ, ಎರಡೇ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು. ಅಷ್ಟು ಹೆದರಿದ್ದು ಜೀವನದಲ್ಲಿ ಇನ್ನೊಮ್ಮೆ ಇಲ್ಲ.

ನನ್ನ ಕೂಗಿಗೆ ಕಲ್ಯಾಣಮಂಟಪದ ಅಡುಗೆಯವರು ಗೋಡೆ ಹಾರಿ ಬಂದರು. ನೀರು ಹಿಡಿದು ತರುವಷ್ಟು ವ್ಯವಧಾನ ಎಲ್ಲಿಯದು? ಪಂಕ್ತಿಗೆ ಬಡಿಸಲು ತುಂಬಿಟ್ಟಿದ್ದ ಮಜ್ಜಿಗೆಯ ಬಕೆಟ್ಟುಗಳನ್ನೇ ಎತ್ತಿಕೊಂಡು ಬಂದಿದ್ದರು. ಒಂದರ ಹಿಂದೆ ಒಂದು ಮೇಲಿನಿಂದ ಸುರಿದರು. ಚುಸ್ ಎಂದು ಸದ್ದಾಗಿ, ಹೊಗೆ ಕಪ್ಪಾಗಿ, ಆಮೇಲೆ ಬೂದಿಬಣ್ಣಕ್ಕೆ ತಿರುಗಿ, ನಿಂತಿತು. ಮೇಷ್ಟ್ರು ಅಡಿಯಿಂದ ಹೊರಗೆ ಬಂದಾಗ ತಲೆಯಿಂದ ಮಜ್ಜಿಗೆ ಸೋರುತ್ತಿತ್ತು, ಹುಬ್ಬಿನ ಮೇಲೆ ಒಂದು ಕರಿಬೇವಿನ ಎಲೆ ಅಂಟಿತ್ತು. ಅಡುಗೆ ಭಟ್ಟರು ಅವರನ್ನು ಮೇಲಿನಿಂದ ಕೆಳಗೆ ನೋಡಿ, "ಉಪ್ಪು ಸರಿಯಾಗಿದೆಯಾ ಮೇಷ್ಟ್ರೇ?" ಎಂದು ಕೇಳಿದರು.

ಮೊದಲು ನಕ್ಕದ್ದು ಮೇಷ್ಟ್ರೇ. ಆಮೇಲೆ ನಾವೆಲ್ಲ ಹುಲ್ಲಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಬ್ಬಾ, ಬದುಕಿದೆವು ಎನ್ನುವಾಗ ಬರುವ ನಗು ಅದು, ನಿಲ್ಲಿಸಿದರೂ ನಿಲ್ಲುವುದಿಲ್ಲ. ನರ್ಸರಿಯವನು ಓಡಿ ಬಂದು ನೋಡಿದರೆ ಒಂದೆರಡು ವೈರು ಸುಟ್ಟದ್ದು ಬಿಟ್ಟು ಬೇರೇನೂ ಆಗಿರಲಿಲ್ಲ. "ನಿಮ್ಗೇನಾಗಿಲ್ಲ ತಾನೆ ಸಾರ್? ಗಾಡಿ ಮನೆ ಹಾಳಾಗ್ಲಿ" ಎಂದ. ಮೇಷ್ಟ್ರು ಅವನ ಭುಜ ಹಿಡಿದುಕೊಂಡರು.

ಮಾರನೆಯ ಬೆಳಿಗ್ಗೆ ಸ್ಕೂಟರಿನ ಮುಂದೆ ಒಂದು ಮೊರ ಇಟ್ಟುಕೊಂಡು ಬಂದರು. ಅವರ ಹೆಂಡತಿ ಆಗಲೇ ನನಗೆ ಫೋನು ಮಾಡಿ, "ಅಕ್ಕಿ ಕೇರ್ತಾ ಕೂತಿದ್ದೆ ಕಣಮ್ಮ, ಕೈಯಿಂದ ಕಿತ್ಕೊಂಡು ಓಡೋದ್ರು. ಏನಾಗೈತೆ ಇವ್ರಿಗೆ?" ಎಂದು ಕೇಳಿದ್ದರು. ಮೇಷ್ಟ್ರು ಮೊರವನ್ನು ನನ್ನ ಮುಂದೆ ಹಿಡಿದರು.

"ನೋಡಿ ಮೇಡಂ. ಮೂರು ಕಡೆ ಅಂಚು, ಒಂದ್ಕಡೆ ಬಯಲು. ಬಿದ್ದದ್ದು ಜಾರಿ ಓಗ್ಬೇಕು. ನಾನು ಪೂರ್ತಿ ಮುಚ್ಬುಟ್ಟಿದ್ದೇ ತಪ್ಪಾಗೋಯ್ತು."

ಮತ್ತೆ ಮಂಡಿ ಮೊಹಲ್ಲಾ. ಸಾಬರು ಮೊರವನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕು, ತಗಡಿನ ಹಿಂಭಾಗ ಕತ್ತರಿಸಿ ಬಯಲು ಮಾಡಿದರು, ಮುಂದಿನ ಅಂಚು ಎತ್ತರವಾಗಿ ಹಿಂದಕ್ಕೆ ಇಳಿಜಾರಾಗುವಂತೆ ಬಗ್ಗಿಸಿದರು. ಹೊಗೆ ಕೊಳವೆಯ ನೇರಕ್ಕೆ ಬಟಾಬಯಲು. ಬೋಲ್ಟುಗಳ ಬದಲು ಒಂದು ಕಡೆ ಬಾಗಿಲಿನ ಕೀಲು, ಇನ್ನೊಂದು ಕಡೆ ಅಗಳಿ. ಎಳೆದರೆ ಹೊಟ್ಟೆ ತಟ್ಟನೆ ತೆರೆದುಕೊಳ್ಳುತ್ತದೆ. ಅಂದಿನಿಂದ ಮೈದಾನದ ಒಂದು ಸುತ್ತು ಮುಗಿದಾಗಲೆಲ್ಲ ಮೇಷ್ಟ್ರು ಎಂಜಿನ್ ಆರಲು ಬಿಟ್ಟು, ಅಗಳಿ ಎಳೆದು, ಕೈ ಹಾಕಿ ಕಸ ಬಳಿದು, ಆಮೇಲೆಯೇ ಮುಂದಿನ ಸುತ್ತು. ನನಗೆ ಬೇಸರ ಬರುವಷ್ಟು ನಿಧಾನ. ಆದರೆ ಕೊಳವೆಯೂ ಹರಿಯಲಿಲ್ಲ, ಹೊಗೆಯೂ ಬರಲಿಲ್ಲ.

ದಿನದಿನಕ್ಕೆ ಮೈದಾನ ಹೊರಗೆ ಬಂತು. ಉದ್ದಜಿಗಿತದ ಮರಳಗುಂಡಿಯ ಕಲ್ಲಂಚು ಸಿಕ್ಕಿತು. ಗೋಲು ಕಂಬಗಳು ಸಿಕ್ಕವು, ಬುಡದಲ್ಲಿ ಮೇಷ್ಟ್ರು ಸುತ್ತಿದ್ದ ಗೋಣಿಚೀಲ ಅರ್ಧ ಕೊಳೆತು ಇನ್ನೂ ಅಲ್ಲೇ ಇತ್ತು. ಆ ನಾಗರಹಾವು ಮಾತ್ರ ಒಮ್ಮೆಯೂ ಕಾಣಿಸಿಕೊಳ್ಳಲಿಲ್ಲ. ಟ್ರಾಕ್ಟರಿನ ಸದ್ದಿಗೆ ಅದು ಎಂದೋ ಮನೆ ಬದಲಾಯಿಸಿರಬೇಕು.

ದೀಪಾವಳಿಗೆ ಮುಂಚೆ ಕಾರ್ಯದರ್ಶಿಗಳು ಬಂದರು. ಗೇಟಿನ ಬೀಗ ತೆಗೆಸಿ ಒಳಗೆ ಕಾಲಿಟ್ಟು ಅಲ್ಲೇ ನಿಂತರು. "ಇಷ್ಟು ದೊಡ್ಡದಿತ್ತೇ ಇದು?" ಎಂದರು. ಆ ತುದಿಯವರೆಗೆ ಒಬ್ಬರೇ ನಡೆದು ಹೋಗಿ ವಾಪಸು ಬಂದರು. ಮೇಷ್ಟ್ರು ಕೈಕಟ್ಟಿಕೊಂಡು ನಿಂತಿದ್ದರು. ಕಾರ್ಯದರ್ಶಿಗಳು ಬೂಟಿಗೆ ಅಂಟಿದ ಹುಲ್ಲು ಕೊಡವಿ, "ಪಾರ್ಕಿಂಗ್ ವಿಷಯ ಬಿಟ್ಟುಬಿಡಿ. ಕ್ರೀಡಾದಿನಕ್ಕೆ ನನಗೊಂದು ಕುರ್ಚಿ ಹಾಕಿಸಿ" ಎಂದು ಹೇಳಿ ಹೊರಟರು. ಅವರ ಕಾರು ತಿರುವು ದಾಟುವ ತನಕ ನಾವಿಬ್ಬರೂ ಅಲುಗಾಡಲಿಲ್ಲ. ಆಮೇಲೆ ಮೇಷ್ಟ್ರು ಗೋಲು ಕಂಬಕ್ಕೆ ಒರಗಿ, ದೊಡ್ಡದಾಗಿ ಉಸಿರು ಬಿಟ್ಟು, ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು.

ರಜೆ ಮುಗಿದು ಶಾಲೆ ಶುರುವಾದ ಮೊದಲ ಪಿ.ಟಿ. ಪೀರಿಯಡ್ಡು. ಮಕ್ಕಳು ಅಭ್ಯಾಸಬಲದಿಂದ ಕಾರಿಡಾರಿನಲ್ಲೇ ಸಾಲು ನಿಂತಿದ್ದರು. ಮೇಷ್ಟ್ರು ಅವರನ್ನು ಗೇಟು ದಾಟಿಸಿ ಕರೆದುಕೊಂಡು ಹೋದರು. ಮೈದಾನಕ್ಕೆ ಬಂದರೂ ಮಕ್ಕಳು ಒಂದೇ ಕಡೆ ಗುಂಪಾಗಿ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತರು. ಮೇಷ್ಟ್ರು ಆಟದ ಕೋಣೆಗೆ ಹೋಗಿ ಬಂದರು. ಕೈಯಲ್ಲಿ ಇದ್ದದ್ದು ಹಳೆಯ ಚೆಂಡಲ್ಲ. ಮೇಲಿನ ಹಲಗೆಯದು, ಕವರಿನ ಸಮೇತ. ನಾನು ತರಗತಿ ಬಿಟ್ಟು ಗೇಟಿನ ಬಳಿ ಬಂದು ನಿಂತುಬಿಟ್ಟೆ.

ಕವರಿನ ಗಂಟು ಬಿಚ್ಚಲು ನೋಡಿದರು, ಆಗಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದರು. ಹರಿದ ಕವರನ್ನು ನೀಟಾಗಿ ಮಡಿಸಿ ಜೇಬಿಗಿಟ್ಟುಕೊಂಡರು, ಅದು ಬೇರೆ ಮಾತು. ಚೆಂಡನ್ನು ನೆಲಕ್ಕಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ನಿವೃತ್ತಿಯ ಅಂಚಿನ ಕಾಲಿನಲ್ಲಿ ಒಂದೇ ಒಂದು ಒದೆ. ಚೆಂಡು ಮೈದಾನದ ಆ ತುದಿಗೆ ಹೋಯಿತು. ಮಕ್ಕಳು ಒಂದು ಕ್ಷಣ ನೋಡಿ, ಹೋ ಎಂದು ಕೂಗಿಕೊಂಡು ಅದರ ಹಿಂದೆ ಓಡಿದರು, ನಿಂತಲ್ಲೇ ಅಲ್ಲ, ನೇರವಾಗಿ, ಕಣ್ಣಳತೆಯ ದೂರಕ್ಕೆ.

"ಮೇಷ್ಟ್ರೇ, ಹೊಸ ಚೆಂಡು. ಅಲ್ಲೆಲ್ಲ ಕಲ್ಲಿದೆ, ಸವೆದು ಹೋಗುತ್ತೆ" ಎಂದು ಬೇಕೆಂದೇ ಕಿಚಾಯಿಸಿದೆ.

ಅವರು ಮಕ್ಕಳಿಂದ ಕಣ್ಣು ಕೀಳದೆ ಹೇಳಿದರು: "ಸವೀಲಿ ಬುಡಿ ಮೇಡಂ."